ಮೊಲ ಆಟಿಕೆಯಲ್ಲ

ಬೇಸಿಗೆ ರಜೆ ಬಂತೆಂದರೆ ಮಕ್ಕಳ ಹಟಕ್ಕೆ ಮೊಲದ ಮರಿ ತಂದು, ಶಾಲೆ ಶುರುವಾದ ಮೇಲೆ ಯಾರಿಗೋ ದಾಟಿಸುವುದು ನಮ್ಮ ಬಡಾವಣೆಯಲ್ಲಿ ಜಾಸ್ತಿಯಾಗಿದೆ. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 10 ವರ್ಷ ಬದುಕುತ್ತದೆ. ರಜೆ ಮುಗಿದರೆ ಅದರ ಹಸಿವು ಮುಗಿಯುವುದಿಲ್ಲ, ಅಲ್ವಾ?

ನಮ್ಮ ಮನೆಗೆ ಮೊಲ ಬಂದು ಮೂರು ವರ್ಷವಾಯಿತು. ಕ್ಯಾರೆಟ್ ಕೊಟ್ಟರೆ ಸಾಕು ಎಂದುಕೊಂಡಿದ್ದೆವು. ಅದರ ಹಲ್ಲು ಬದುಕಿರುವಷ್ಟೂ ದಿನ ಬೆಳೆಯುತ್ತಲೇ ಇರುತ್ತದೆ, ಸವೆಯಲು ದಿನವಿಡೀ ಒಣಹುಲ್ಲು ಬೇಕು ಎಂದು ತಿಳಿಸಿದ್ದು ಪಶುವೈದ್ಯರು. ನೋವಾದರೂ ಮೊಲ ಕೂಗುವುದು ಅಪರೂಪ. ಸುಮ್ನೆ ಮೂಲೆ ಸೇರುತ್ತದೆ. ಹಾಗಾಗಿ ನನ್ನ ಹತ್ತು ವರ್ಷದ ಮಗಳು ಬೆಳಿಗ್ಗೆ ಎದ್ದ ಕೂಡಲೇ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ರಾತ್ರಿ ಇಟ್ಟ ಹುಲ್ಲು ಎಷ್ಟು ಕಡಿಮೆಯಾಗಿದೆ, ಹಿಕ್ಕೆ ಬಿದ್ದಿದೆಯೇ ಎಂದು ನೋಡುತ್ತಾಳೆ. ಮೊನ್ನೆ ಅಜ್ಜಿ ಊಟ ಅರ್ಧಕ್ಕೇ ಬಿಟ್ಟು ಎದ್ದಾಗ ಮೊದಲು ಗಮನಿಸಿದ್ದೂ ಅವಳೇ.

ಸಾಕುಪ್ರಾಣಿ ಮಾರುವ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕೆಂದು 2018ರ ನಿಯಮವೇ ಇದೆ. ಅದರ ಜೊತೆಗೆ, ಪ್ರಾಣಿಯ ಆಯಸ್ಸು ಎಷ್ಟು, ಏನು ತಿನ್ನುತ್ತದೆ, ಎಷ್ಟು ಸೆಕೆ ತಡೆಯುತ್ತದೆ ಎಂದು ಕನ್ನಡದಲ್ಲಿ ಬರೆದ ಒಂದು ಪುಟದ ಚೀಟಿಯನ್ನು ಕೊಳ್ಳುವವರ ಕೈಗೆ ಕೊಡುವುದನ್ನೂ ಕಡ್ಡಾಯ ಮಾಡಲಿ.

– ಒಬ್ಬ ಓದುಗಿ, ದಾವಣಗೆರೆ