ನೆಲ ಬಾಯಿ ಬಿಡಲಿ ಅಂದಿದ್ದೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನಿನ್ನ ಕಥೆಯ ನಾಲ್ಕೂ ಅಧ್ಯಾಯ ಓದಿದೆ. ಎರಡು ಸಲ ಓದಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿತು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾಲ್ಕು ಜನ ಹುಡುಗರು, ಹದಿನಾಲ್ಕು ಹದಿನೈದರ ವಯಸ್ಸು, ಒಂದು ಬೆಳಗ್ಗೆ ಎದ್ದರೆ ದೇವರಿಗಿರುವಂಥ ಶಕ್ತಿ ಬಂದುಬಿಟ್ಟಿದೆ. ಯಾಕೆ ಬಂತು ಅಂತ ಯಾರಿಗೂ ಗೊತ್ತಿಲ್ಲ. ಪ್ರಪಂಚ ಮುಗಿಯಲಿಕ್ಕೆ ಏಳೇ ದಿನ. ಇದನ್ನು ನಮ್ಮ ಕಲಬುರಗಿಯಲ್ಲೇ ನಡೆಸಿದ್ದೀಯಲ್ಲ, ಅದು ನನಗೆ ತುಂಬಾ ಖುಷಿ. ಕೋಟೆಯ ಬಾರಾ ಗಜಿ ತೋಪನ್ನು, ಆ 29 ಅಡಿಯ ಫಿರಂಗಿಯನ್ನು, ಹುಡುಗ ಒಂದೇ ಕೈಯಲ್ಲಿ ಎತ್ತುವ ಜಾಗ ಚೆನ್ನಾಗಿದೆ. ಅದನ್ನು ತೆಗೆಯಬೇಡ.

ಆದರೆ ಎತ್ತಿದ ಮೇಲೆ ಅವನಿಗೆ ಭಯವೇ ಆಗುವುದಿಲ್ಲ. ಅಲ್ಲೇ ನಾನು ನಿಂತುಬಿಟ್ಟೆ.

30 ವರ್ಷಕ್ಕೂ ಜಾಸ್ತಿ ಕಾಲ ನಿನ್ನಿಂದ ಮುಚ್ಚಿಟ್ಟ ಒಂದು ಮಾತು ಇದೆ. ಈಗ ಹೇಳುತ್ತೇನೆ. 1993ರ ಸೆಪ್ಟೆಂಬರ್ 29, ಗಣಪತಿ ಕಳಿಸುವ ರಾತ್ರಿ. ನಾವಿಬ್ಬರೂ ಒಂಬತ್ತನೇ ಕ್ಲಾಸು. ಮೆರವಣಿಗೆಯ ಬಂಡಿ ಹತ್ತಿದೆ ಅಂತ ಅಣ್ಣ ಎಲ್ಲರೆದುರು ನನ್ನ ಕಪಾಳಕ್ಕೆ ಹೊಡೆದದ್ದು ನಿನಗೆ ನೆನಪಿರಬೇಕು, ನೀನು ಪಕ್ಕದಲ್ಲೇ ಇದ್ದೆ. ಆಮೇಲೆ ಕೆರೆ ದಂಡೆಯಲ್ಲಿ ನಿಂತು ನಾನು ಬಾಯೊಳಗೇ ಒಂದು ಮಾತು ಅಂದೆ. "ಈ ನೆಲ ಬಾಯಿ ಬಿಟ್ಟು ಎಲ್ಲಾರ್ನೂ ನುಂಗ್ಲಿ." ಅಷ್ಟೇ. ಮನೆಗೆ ಬಂದು ಉಣ್ಣದೆ ಮಲಗಿದೆ.

ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ನೆಲ ಬಾಯಿ ಬಿಟ್ಟಿತು.

ಮೊದಲು ಸದ್ದು ಬಂತು. ದೊಡ್ಡ ಲಾರಿ ಮನೆಯ ಕೆಳಗಿಂದ ಹೋದ ಹಾಗೆ. ಅಡಕಲ ಗಡಿಗೆಗಳು ಒಂದಕ್ಕೊಂದು ಬಡಿದುಕೊಂಡವು, ಮೇಲಿನದು ಬಿದ್ದು ಒಡೆಯಿತು. ನಮ್ಮದು ಮಾಳಿಗೆ ಮನೆ, ನಿನಗೆ ಗೊತ್ತಲ್ಲ. ಮೇಲಿನ ಮಣ್ಣು ಹಿಟ್ಟಿನ ಹಾಗೆ ಮುಖದ ಮೇಲೆ ಸುರಿಯಿತು. ಅವ್ವ "ಎಲ್ಲಾರೂ ಹೊರಗ ಬರ್ರೀ" ಅಂತ ಕೂಗುತ್ತಿದ್ದಳು. ನನಗೆ ಏಳಲಿಕ್ಕೇ ಆಗಲಿಲ್ಲ. ಕತ್ತಲಲ್ಲಿ ಯಾರೋ ರಟ್ಟೆ ಹಿಡಿದು ಎಳೆದರು. ಹೊರಗೆ ಬರುವ ತನಕ ಇನ್ನೊಂದು ಕೈಯನ್ನು ನನ್ನ ತಲೆಯ ಮೇಲೆ ಅಡ್ಡ ಹಿಡಿದಿದ್ದರು. ಅದು ಅಣ್ಣ.

ನಮ್ಮ ಆಳಂದದ ಕಡೆ ಗೋಡೆ ಬಿರುಕು ಬಿಟ್ಟವು, ನಾವು ಉಳಿದೆವು. ಉಮರ್ಗಾ ದಾಟಿ ಆಚೆ, ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಉಳಿಯಲಿಲ್ಲ. ಅಲ್ಲಿನವರೂ ನಮ್ಮ ಹಾಗೇ ಗಣಪತಿ ಕಳಿಸಿ ದಣಿದು ಮಲಗಿದ್ದರು. ಅವರದ್ದೂ ನಮ್ಮಂಥವೇ ಮನೆಗಳು, ಕಲ್ಲು ಮಣ್ಣಿನ ಗೋಡೆ, ಮೇಲೆ ಭಾರದ ಮಣ್ಣು. ಸತ್ತವರ ಲೆಕ್ಕ ರೇಡಿಯೋದಲ್ಲಿ ದಿನಾ ಏರುತ್ತಿತ್ತು. ಕೊನೆಗೆ ಹತ್ತು ಸಾವಿರದ ಹತ್ತಿರ ಬಂತು. ಅಷ್ಟನ್ನೂ ನಾನು ನನ್ನ ಲೆಕ್ಕಕ್ಕೆ ಬರೆದುಕೊಂಡೆ. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ನೀನು ಬಿಸ್ಕತ್ತು ಕೊಟ್ಟೆ, ನಾನು ತಗೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡು ಎದ್ದು ಹೋದೆ ನೀನು. ಆ ಬಿಸ್ಕತ್ತು ತಗೊಳ್ಳುವ ಯೋಗ್ಯತೆ ನನಗಿಲ್ಲ ಅಂದುಕೊಂಡಿದ್ದೆ ದೋಸ್ತ.

ಆಮೇಲೆ ಒಂದು ವರ್ಷ ನಾನು ಮನೆಯಲ್ಲಿ ಮಾತೇ ಕಡಿಮೆ ಮಾಡಿದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಭೂಮಿ ಗಟ್ಟಿ ಇರುತ್ತೆ, ಬಾಯಿ ಜಾರಿದರೆ ಮತ್ತೆ ನಡುಗುತ್ತೆ. ಇದು ನನಗೆ ಸೂರ್ಯ ಹುಟ್ಟುವಷ್ಟೇ ನಿಜವಾಗಿತ್ತು. ಅಜ್ಜಿ ಮಾತ್ರ, "ನಮ್ ಹುಡುಗ ತಿಂಥಣಿ ಮೌನಪ್ಪನ ವ್ರತ ಹಿಡಿದಾನ" ಅಂತ ಎಲ್ಲರ ಹತ್ತಿರ ಹೆಮ್ಮೆಯಿಂದ ಹೇಳುತ್ತಿದ್ದಳು.

ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತದೆ, ಒಳಗೆ ಒತ್ತಡ ಕೂಡಿ ಬಂಡೆ ಸೀಳುತ್ತದೆ ಅಂತ ಕಾಲೇಜಿನಲ್ಲಿ ಓದಿದ ದಿನ ಎದೆ ಹಗುರಾಯಿತು. ಆದರೆ ನಿಜ ಹೇಳಲಾ? ಜೊತೆಗೆ ಒಂದು ಬಗೆಯ ದಿಕ್ಕೆಟ್ಟ ಹಾಗೂ ಆಯಿತು. ತಪ್ಪು ನನ್ನದಾಗಿದ್ದರೆ ತಡೆಯುವುದೂ ನನ್ನ ಕೈಯಲ್ಲಿರುತ್ತಿತ್ತು. ಈಗ ಅದೂ ಇಲ್ಲ.

ನಿನ್ನ ಹುಡುಗರಲ್ಲಿ ನನಗೆ ಸಿಗದೇ ಹೋದದ್ದು ಇದೇ. ಆ ವಯಸ್ಸಿನಲ್ಲಿ ಶಕ್ತಿ ಬಂತು ಅಂದರೆ ಮೊದಲು ಬರುವುದು "ಇದೆಲ್ಲ ನನ್ನಿಂದಲೇ ಆಯ್ತಾ?" ಅನ್ನುವ ಪ್ರಶ್ನೆ.

ಇನ್ನು ಪ್ರಪಂಚ ಮುಗಿಯುವ ವಿಷಯ. ಅದಕ್ಕೆ ಆಕಾಶದಿಂದ ಕಲ್ಲು ಬೀಳಿಸಬೇಕಿಲ್ಲ. ನಮ್ಮ ಕಡೆ ಪ್ರಳಯದ ಮಾತು ಮನೆಮನೆಯಲ್ಲಿದೆ. ಅಜ್ಜಿ ಬಿಸಿಲು ಜಾಸ್ತಿಯಾದರೂ, ಭೀಮೆ ಉಕ್ಕಿದರೂ, "ಕಾಲಜ್ಞಾನದಾಗ ಬರ್ದಾರ" ಅನ್ನುತ್ತಿದ್ದಳು. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿಗೆ ಹೋಗಿ ಬಾ. ಕೊಡೇಕಲ್ ಬಸವಣ್ಣನ ಪರಂಪರೆಯವರು ಕಾಲಜ್ಞಾನವನ್ನು ಅಮರಗನ್ನಡ ಅನ್ನುವ ಗುಪ್ತ ಲಿಪಿಯಲ್ಲಿ ಬರೆದಿಟ್ಟವರು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣ ಹಾಳಾಯಿತಲ್ಲ, ಆ ನೋವು ಕಾಲಜ್ಞಾನದಲ್ಲಿ ಇನ್ನೂ ಆರಿಲ್ಲ. ಆದರೆ ಅದು ಬರೀ ಹಾಳಾಗುವುದನ್ನು ಹೇಳಿ ಬಿಡುವುದಿಲ್ಲ. ವೀರ ವಸಂತರಾಯ ಅನ್ನುವ ಅರಸ ಬರುತ್ತಾನೆ, ಕಲ್ಯಾಣ ಮತ್ತೆ ಆಗುತ್ತದೆ ಅನ್ನುತ್ತದೆ. ನಿನ್ನ ಕಥೆಯ ಏಳನೇ ದಿನಕ್ಕೆ ಅಲ್ಲಿ ಬೇಕಾದಷ್ಟು ಸರಕಿದೆ.

ಈಗ ನಾನು ಬರೆಯಲೇಬೇಕಾದ ಇನ್ನೊಂದು ಸಂಗತಿ.

2021ರ ಅಕ್ಟೋಬರ್. ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುದ್ದಿ ನೀನೂ ಟಿವಿಯಲ್ಲಿ ನೋಡಿರುತ್ತೀಯ. ಭೂಮಿಯೊಳಗಿಂದ ಸದ್ದು, ಸಣ್ಣ ಸಣ್ಣ ಕಂಪನ, ಮತ್ತೆ ಮತ್ತೆ. ಜನ ಮನೆ ಬಿಟ್ಟು ಹೊರಗೆ ಮಲಗಿದರು, ಕೆಲವರು ಊರನ್ನೇ ಬಿಟ್ಟು ಹೋದರು. ಇಲ್ಲಿ ಕೆಳಗೆಲ್ಲ ಸುಣ್ಣದ ಕಲ್ಲು. ಜೋರು ಮಳೆಯ ನೀರು ಸಂದಿಯೊಳಗೆ ಇಳಿದಾಗ ಹೀಗಾಗುತ್ತೆ ಅಂತ ತಿಳಿದವರು ಹೇಳಿದರು. ನಾನಾಗ ಅದೇ ತಾಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ.

ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಬೆಂಚು ಬಿಟ್ಟು ನೆಲದ ಮೇಲೆ ಕೂರಲು ಶುರು ಮಾಡಿದಳು. ಪಾಠ ನಡೆಯುವಾಗ ಅಂಗೈಯನ್ನು ಫರಸಿಯ ಮೇಲೆ ಒತ್ತಿ ಇಟ್ಟಿರುತ್ತಿದ್ದಳು. ಕೈಗೆಲ್ಲ ಸೀಮೆಸುಣ್ಣದ ಪುಡಿ, ಕಣ್ಣು ಕೆಂಪು. ಕರೆದು ಕೇಳಿದೆ. ಒಂದು ರಾತ್ರಿ ಸದ್ದು ಬರುವ ಮೊದಲೇ ಅವಳಿಗೆ ಎಚ್ಚರವಾಗಿ ಎಲ್ಲರನ್ನೂ ಎಬ್ಬಿಸಿದ್ದಳಂತೆ. ಮರುದಿನದಿಂದ ಓಣಿಯವರು ದಿನಾ ಸಂಜೆ ಬಂದು ಕೇಳತೊಡಗಿದರು. "ಯವ್ವಾ, ಇವತ್ತ ಒಳಗ ಮಲಗ್ಲೇನು?" ಮೈಮೇಲೆ ದೇವಿ ಬಂದಾಳೆ ಅಂತ ಕೆಲವರು ಕಾಲಿಗೂ ಬಿದ್ದರು.

"ಮಲಗ್ರಿ ಅಂದು, ಗ್ವಾಡಿ ಬಿದ್ರ ಏನ್ ಮಾಡ್ಲಿ ಸರ್?" ಅಂದಳು. ಅದಕ್ಕೆ ಎಲ್ಲರಿಗೂ ಹೊರಗೇ ಮಲಗಿ ಅನ್ನುತ್ತಿದ್ದಳು. ತಾನು ಮಾತ್ರ ನೆಲಕ್ಕೆ ಕಿವಿ ಹಚ್ಚಿ ಎದ್ದೇ ಇರುತ್ತಿದ್ದಳು. ಹನ್ನೊಂದು ರಾತ್ರಿ.

ನಾನು ಅವಳಿಗೆ ಕೆರೆ ದಂಡೆಯ ಮಾತು ಹೇಳಿದೆ. ಬೇರೆಯವರಿಗೆ ಹೇಳಿದ್ದು ಅದೇ ಮೊದಲು. ಭೂಕಂಪ ಯಾವಾಗ ಆಗುತ್ತೆ ಅಂತ ಮೊದಲೇ ಹೇಳುವ ಯಂತ್ರ ಜಗತ್ತಿನಲ್ಲಿ ಎಲ್ಲೂ ಇಲ್ಲ, ನಿನ್ನ ಕಿವಿಗೆ ಆ ಕೆಲಸ ಯಾರೂ ಹಚ್ಚಬಾರದು ಅಂದೆ. ಎಲ್ಲಾ ಕೇಳಿ, "ಅದು ನೀವಲ್ಲಂತ ನಿಮಗ ಯಾರ್ ಹೇಳಿದ್ರು ಸರ್?" ಅಂದಳು. ಯಾರೂ ಹೇಳಲಿಲ್ಲ ಅಂದೆ.

ಅವತ್ತು ಕ್ಲಾಸಿನಲ್ಲಿ ಪಾಠ ಬಿಟ್ಟು ಮಾರ್ಕಂಡೇಯನ ಕಥೆ ಹೇಳಿದೆ. ಹದಿನಾರಕ್ಕೆ ಸಾಯಬೇಕಾದವನು, ಲಿಂಗ ತಬ್ಬಿಕೊಂಡು ಯಮನಿಂದ ಉಳಿದವನು, ಅಷ್ಟು ಎಲ್ಲರಿಗೂ ಗೊತ್ತು. ಮುಂದಿನದು ಮಹಾಭಾರತದ ವನಪರ್ವದಲ್ಲಿದೆ. ಸಾವಿಲ್ಲದವನಾದ್ದರಿಂದ ಅವನು ಪ್ರಳಯವನ್ನೂ ನೋಡಬೇಕಾಯಿತು. ಎಲ್ಲ ಮುಳುಗಿದೆ, ನೀರಿನಲ್ಲಿ ಒಬ್ಬನೇ ಈಜುತ್ತಿದ್ದಾನೆ, ಕಾಲೂರಲು ನೆಲವಿಲ್ಲ. "ಆಂವ ಏನ್ ತಿಂದನ್ರಿ ಸರ್?" ಅಂತ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವನಿಗೆ ಆಲದ ಕೊಂಬೆಯ ಮೇಲೆ ಒಂದು ಕೂಸು ಕಾಣುತ್ತದೆ.

"ಕೂಸು ಏನಂತು ಸರ್?" ಅಂದಳು ಆ ಹುಡುಗಿ.

"ದಣದೀದಿ, ನನ್ನೊಳಗ ಬಂದು ಮಲಕೋ ಅಂತು" ಅಂದೆ. ಒಳಗೆ ಹೋದರೆ ಅಲ್ಲಿ ಊರು, ನದಿ, ಜನ, ಎಲ್ಲಾ ಇತ್ತು.

ಸಂಜೆ ಅವಳ ಓಣಿಗೆ ಹೋದೆ. ಹಿರಿಯರ ಹತ್ತಿರ ಕೂತು, ಇನ್ನು ಈ ಹುಡುಗಿಯನ್ನು ಯಾರೂ ಏನೂ ಕೇಳಬೇಡಿ, ಸದ್ದು ನಿಲ್ಲುವ ತನಕ ಎಲ್ಲರೂ ಹೊರಗೇ ಮಲಗಿ, ಗಂಡಸರು ಪಾಳಿ ಹಾಕಿಕೊಂಡು ಎದ್ದಿರಿ ಅಂದೆ. ಒಪ್ಪಿದರು. ಅವಳ ಅವ್ವ ಅಂಗಳದಲ್ಲಿ ಕೌದಿ ಹಾಸಿದಳು.

ಆ ರಾತ್ರಿಯೂ ಸದ್ದು ಬಂತಂತೆ. ಓಣಿಯವರೆಲ್ಲ ಎದ್ದು ಕೂತರಂತೆ. ಹುಡುಗಿಗೆ ಎಚ್ಚರವಾಗಲಿಲ್ಲ. "ಯಾರೂ ಎಬ್ಬಸ್ಲಿಲ್ರಿ ಸರ್" ಅಂತ ಅವಳ ಅವ್ವ ಮರುದಿನ ಶಾಲೆಯ ಗೇಟಿನ ತನಕ ಬಂದು ಹೇಳಿ ಹೋದಳು.

ನಿನ್ನ ತೋಪು ಎತ್ತುವ ಹುಡುಗನಿಗೂ ಒಬ್ಬ ಅವ್ವ ಇರಬೇಕಲ್ವಾ? ನಾಲ್ಕು ಅಧ್ಯಾಯದಲ್ಲಿ ಎಲ್ಲೂ ಅವಳಿಲ್ಲ. ಐದನೆಯದರಲ್ಲಿ ಅವಳನ್ನು ತಾ. ಬರೆದದ್ದನ್ನು ಕಳಿಸು, ಇಲ್ಲವೇ ಶರಣಬಸವೇಶ್ವರ ಜಾತ್ರೆಗೆ ಬರುವಾಗ ಹಿಡಿದುಕೊಂಡೇ ಬಾ.

ಅಣ್ಣನಿಗೆ ನಾನು ಇದನ್ನು ಇವತ್ತಿನ ತನಕ ಹೇಳಿಲ್ಲ. ಊರಲ್ಲೇ ಇದ್ದಾನೆ, ಮಾಳಿಗೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದಾನೆ, ಫೋನಿನಲ್ಲಿ ನಾನು ಹಾಕಿದ್ದನ್ನೆಲ್ಲ ಓದುತ್ತಾನೆ. ಇದನ್ನೂ ಓದುತ್ತಾನೆ.

ನಿನ್ನ,
ಹಳೇ ದೋಸ್ತ