ಸುಕ್ಕೆಲೆ ಕ್ರಿಪ್ಟ್ ಒಯ್ದವರ ಗಮನಕ್ಕೆ

ನಮಸ್ಕಾರ ಎಲ್ಲರಿಗೂ. ಬಾಗಲಕೋಟೆಯಲ್ಲಿ ಕ್ರಿಪ್ಟೊಕೊರೈನ್ ಬಲಾನ್ಸೆ (ಮೀನಿನ ತೊಟ್ಟಿಯಲ್ಲಿ ನೀರೊಳಗೆ ಬೆಳೆಸುವ ಸುಕ್ಕು ಎಲೆಯ ಗಿಡ, ಚಿಕ್ಕದಾಗಿ ಕ್ರಿಪ್ಟ್) ಹಂಚಿಕೊಂಡವರಲ್ಲಿ ಕೆಲವರು ಎಲೆ ಕೊಳೆಯುತ್ತಿರುವ ಫೋಟೊ ಹಾಕಿದ್ದೀರಿ. ದಯವಿಟ್ಟು ಗಿಡ ಕಿತ್ತು ಬಿಸಾಡಬೇಡಿ! ಈ ಜಾತಿಗೆ ಜಾಗ ಬದಲಾದರೂ ಸಾಕು, ನೀರು ಬದಲಾದರೂ ಸಾಕು, ಹಳೇ ಎಲೆಗಳು ತೆಳ್ಳಗಾಗಿ, ಅಲ್ಲಲ್ಲಿ ತೂತು ಬಿದ್ದು, ಕೈ ತಾಗಿದರೆ ಲೋಳೆಯಾಗಿ ಕರಗುತ್ತವೆ. ಬುಡ ಹಿಡಿದು ನೋಡಿ, ಗಟ್ಟಿಯಿದ್ದರೆ ಗಿಡ ಬದುಕಿದೆ. ಕೊಳೆತ ಎಲೆ ಮಾತ್ರ ಕತ್ತರಿಸಿ ತೆಗೆಯಿರಿ. ಸುಮ್ನೆ ಬಿಟ್ಟರೆ ಕೆಲವು ವಾರಗಳಲ್ಲಿ ಹೊಸ ಚಿಗುರು ಬರುತ್ತದೆ.

ನಮ್ಮ ಬೋರ್ ನೀರು ಗಡಸು ಅಂತ ಹೆದರಬೇಡಿ, ಥಾಯ್ಲೆಂಡ್‌ನಲ್ಲಿ ಇದು ಸುಣ್ಣಕಲ್ಲಿನ ಹೊಳೆಗಳಲ್ಲೇ ಬೆಳೆಯುತ್ತದೆ. ಊಟ ಜಾಸ್ತಿ ಬೇರಿನಿಂದಲೇ, ಹಾಗಾಗಿ ಗೊಬ್ಬರದ ಗುಳಿಗೆಯನ್ನು ಬುಡದ ಹತ್ತಿರ ಮರಳಲ್ಲಿ ಹುದುಗಿಸಿ. ಲೈಟು ದಿನಕ್ಕೆ 6-7 ತಾಸು ಸಾಕು. ಎಲೆ ನಿಧಾನ ಬೆಳೆಯುವುದರಿಂದ ಬೆಳಕು ಹೆಚ್ಚಾದರೆ ಆ ಸುಕ್ಕುಗಳಲ್ಲೇ ಪಾಚಿ ಕೂತುಬಿಡುತ್ತದೆ, ಆಮೇಲೆ ಉಜ್ಜಿದರೆ ಎಲೆ ಹರಿಯುತ್ತದೆ.

ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಮುಚ್ಚಳ ತೆಗೆದು ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಬಿಡಿ. ಆವಿಯಾದಷ್ಟನ್ನು ಆರ್‌ಒ ನೀರಿನಿಂದ (ಲವಣ ತೆಗೆದ ಫಿಲ್ಟರ್ ನೀರು) ತುಂಬಿಸಿ, ಬೋರ್ ನೀರೇ ಸುರಿದರೆ ಉಪ್ಪಿನಂಶ ಏರುತ್ತಲೇ ಹೋಗುತ್ತದೆ. ಬುಡ ಮೆತ್ತಗಾಗಿದ್ದರೆ ಫೋಟೊ ಹಾಕಿ, ನನ್ನ ಹತ್ತಿರ ಇನ್ನೂ ಮರಿಗಿಡಗಳಿವೆ, ಕೊಡುತ್ತೇನೆ.