ಮಸಾಜಿಗೆ ಹೋಗುವ ಮುನ್ನ

ಎಲ್ಲರಿಗೂ ನಮಸ್ಕಾರ. ಭಾನುವಾರ ಸರಸ್ವತಿಪುರಂನಲ್ಲಿ ಎಣ್ಣೆ ಮಸಾಜಿಗೆ ಹೆಸರು ಕೊಟ್ಟವರು ದಯವಿಟ್ಟು ಓದಿ.

ಹೊಟ್ಟೆ ತುಂಬಾ ತಿಂದು ಬರಬೇಡಿ. ಜ್ವರ ಇದ್ದರೆ ಆ ದಿನ ಬೇಡ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಖಂಡಿತ ತಿಕ್ಕಿಸಿಕೊಳ್ಳಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕೂಡಲೇ ಡಾಕ್ಟರಿಗೆ ತೋರಿಸಿ. ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಇತ್ತೀಚಿನ ಆಪರೇಷನ್, ಬಸುರಿ, ಯಾವುದಿದ್ದರೂ ಮುಚ್ಚಿಡದೆ ಮೊದಲೇ ಹೇಳಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಎಣ್ಣೆ ಜಾಸ್ತಿ ಬಿಸಿಯಾದರೂ ಗೊತ್ತಾಗಲ್ಲ, ಅಲ್ವಾ? ಅವರೂ ಹೇಳಲೇಬೇಕು.

ನೋವಾದರೆ ಸುಮ್ನೆ ಸಹಿಸಬೇಡಿ, "ಸಾಕು" ಅನ್ನಿ. ಹೋದ ಸಲ ನಮ್ಮಮ್ಮ ಎಣ್ಣೆ ಪಾದದಲ್ಲೇ ಇಳಿದು ಜಾರಿಬಿಟ್ಟರು. ಪಾದ ಒರೆಸಿಕೊಂಡೇ ನೆಲಕ್ಕೆ ಕಾಲಿಡಿ. ಹಳೇ ಟವೆಲ್ ಒಂದು ತನ್ನಿ.